ಕಮಾಂಡ್ ಕಂಪನಿ

ನಾನು ಶಾರ್ಟ್‌ಹ್ಯಾಂಡ್ ಕಲಿಸುವ ಮನುಷ್ಯ. ಒಂದು ಗೀರು, ಒಂದು ಕೊಂಕು, ಒಂದು ಚುಕ್ಕೆ, ಇಷ್ಟರಲ್ಲಿ ಲೋಕದ ಮಾತನ್ನೆಲ್ಲ ಹಿಡಿದಿಡಬಹುದು ಎಂದು ನಂಬಿ ಕೂದಲು ಬೆಳ್ಳಗೆ ಮಾಡಿಕೊಂಡವನು. ಅಂಥವನು ಎಂಬತ್ತೆಂಟರ ಮಹಾನವಮಿಯಂದು ಬಾದಾಮಿಯ ನಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಒಂದೇ ಒಂದು ಸಾಲು ಇಂಗ್ಲಿಷಿನ ಮುಂದೆ ಪಿಳಿಪಿಳಿ ಕಣ್ಣು ಬಿಡುತ್ತ ಕೂತೆ. ಬಿಡಿಬಿಡಿಯಾಗಿ ಎಲ್ಲ ಶಬ್ದಗಳೂ ಗೊತ್ತಿದ್ದವೇ. ಕೂಡಿಸಿ ಓದಿದರೆ ಮಾತ್ರ ತಲೆ ಕೆಟ್ಟು ಹೋಗುತ್ತಿತ್ತು. ಊರಿಗೆಲ್ಲ ಹಬ್ಬ, ನಮಗೆ ಆ ಸಾಲು.

ಇನ್‌ಸ್ಟಿಟ್ಯೂಟು ಪದ್ಮವ್ವನವರದು. ಊರಲ್ಲಿ ಅವರಿಗೆ ಪದ್ಮಕ್ಕೋರು ಎನ್ನುತ್ತಾರೆ. ಅದನ್ನು ಕಟ್ಟಿದವನು ಅವರ ಗಂಡ, ನನ್ನ ಗೆಳೆಯ ಅಮಸಿದ್ದಪ್ಪ. ಅವನು ಕಾಮಣಿ ಬೇನೆ ಬಂದು ತೀರಿಕೊಂಡಾಗ ಇನ್ನು ಆ ಮನೆಯ ಟಕಟಕ ನಿಂತಿತು ಎಂದು ಎಲ್ಲರೂ ತಿಳಿದರು, ನಾನೂ ತಿಳಿದೆ. ಅಕ್ಕೋರು ತಾವೇ ಟೈಪಿಂಗ್ ಕಲಿತು, ಪರೀಕ್ಷೆ ಪಾಸಾಗಿ, ಗಂಡನ ಕುರ್ಚಿಯಲ್ಲಿ ಕೂತರು. ಹಾಗಾಗಿ ನನ್ನ ಕುರ್ಚಿಯೂ ಉಳಿಯಿತು.

ಇನ್‌ಸ್ಟಿಟ್ಯೂಟು ನಡೆಯುತ್ತಿದ್ದುದು ಅವರ ಮನೆಯ ಮುಂದಿನ ಖೋಲಿಯಲ್ಲಿ, ಸ್ಟೇಷನ್ ರಸ್ತೆಗೆ ಹತ್ತಿಕೊಂಡು. ಆ ಖೋಲಿಯ ಮೇಲೆ ಮೈದುನ ಹಣಮಪ್ಪನಿಗೆ ಕಣ್ಣು. ಅವನು ಕೆಟ್ಟವನಲ್ಲ. ಗೊಬ್ಬರದ ಏಜೆನ್ಸಿ ಸಿಕ್ಕಿತ್ತು, ಚೀಲ ಇಳಿಸಲು ರಸ್ತೆಯ ಬಾಜೂಕಿನ ಜಾಗ ಬೇಕಾಗಿತ್ತು, ಅಷ್ಟೇ. ಟೈಪಿಂಗ್ ಕಲಿಯುವವರು ಕಡಿಮೆಯಾಗುತ್ತಿದ್ದದ್ದೂ ಸುಳ್ಳಲ್ಲ. ಅದಕ್ಕೆ ಅಕ್ಕೋರು ಹುಬ್ಬಳ್ಳಿಗೆ ಹೋಗಿ, ಒಂದು ಕಂಪನಿಯವರು ಬಳಸಿ ಬಿಟ್ಟ ಕಂಪ್ಯೂಟರನ್ನು ಕೊಂಡು, ಅದನ್ನು ನಡೆಸುವುದನ್ನೂ ಅಲ್ಲೇ ಇದ್ದು ಒಂದಿಷ್ಟು ಕಲಿತು ಬಂದರು. ನಮ್ಮ ಕಡೆ ಇನ್ನೂ ಯಾರೂ ಕಲಿಸದ ವಿದ್ಯೆ. ಕಡೆಗೆ ಅತ್ತಿಗೆ ಮೈದುನ ಒಂದು ಮಾತಿಗೆ ಬಂದರು. ವಿಜಯದಶಮಿಯ ದಿನ ನಾಕು ಮಂದಿಯ ಎದುರು ಯಂತ್ರ ನಡೆದರೆ ಖೋಲಿ ಅಕ್ಕೋರದು, ನಡೆಯದಿದ್ದರೆ ಬನ್ನಿ ಹಂಚಿದ ಮರುದಿನವೇ ಗೊಬ್ಬರದ ಚೀಲ ಒಳಗೆ.

ಈ ಮಾತುಕತೆಯೆಲ್ಲ ನಡೆದದ್ದು ಅತ್ತೆ ಲಗಮವ್ವನ ಎದುರಿಗೇ. ಮನೆ ಅವಳ ಹೆಸರಿನಲ್ಲಿತ್ತು. ಹಣಮಪ್ಪ ತಾಯಿಯ ಮಾತು ಮೀರುವ ಮಗನಲ್ಲ. ಆದರೆ ಮೀರಬೇಕಾದರೆ ತಾಯಿ ಮಾತು ಅಂತ ಒಂದು ಆಡಿರಬೇಕಲ್ಲ. ಮೊದಲು ಗಂಡ, ಆಮೇಲೆ ಹಿರಿಮಗ, ಈಗ ಕಿರಿಮಗ, ಯಾರು ಏನು ಕೇಳಿದರೂ ಅವಳದು ಒಂದೇ ಉತ್ತರ, "ನಿಮಗ ತಿಳದಂಗ ಮಾಡ್ರಿ." ಅವಳ ಹುಕುಂ ನಡೆಯುತ್ತಿದ್ದದ್ದು ಅಡುಗೆಯ ಒಲೆಯ ಮೇಲೆ ಮತ್ತು ದೇವರ ಜಗಲಿಯ ಮೇಲೆ. ಅಲ್ಲಿ ಮಾತ್ರ ಮನೆದೇವರು ಬೀರಪ್ಪನೂ ಅವಳನ್ನು ಕೇಳಿಯೇ ಕೂರಬೇಕು.

ಕೆಡುಕು ಹುಟ್ಟಿದ್ದು ಅಷ್ಟಮಿಯ ದಿನ. ಖಂಡೆ ಪೂಜೆಗೆ, ಅಂದರೆ ಆಯುಧಪೂಜೆಗೆ ಮುಂಚೆ ಒಕ್ಕಲಿಗ ಕುಂಟೆ ಕೂರಿಗೆ ತೊಳೆಯುತ್ತಾನೆ, ಗುಳೇದಗುಡ್ಡದ ನೇಕಾರ ಮಗ್ಗ ಜಾಡಿಸುತ್ತಾನೆ, ನಾವು ಟೈಪ್‌ರೈಟರುಗಳ ಹಲ್ಲು ತಿಕ್ಕುತ್ತೇವೆ. ನಾನು ಬ್ರಶ್ಶನ್ನು ಸೀಮೆಎಣ್ಣೆಯಲ್ಲಿ ಅದ್ದಿಕೊಂಡು ಅಕ್ಷರಗಳ ಹೊಟ್ಟೆಯಲ್ಲಿ ಕೂತ ಮಸಿ ತೆಗೆಯುತ್ತಿದ್ದೆ. ಅಕ್ಕೋರು ಕಂಪ್ಯೂಟರಿನ ಮೈ ಒರೆಸಿ ಮುಗಿಸಿದರು. ಆಮೇಲೆ ಅವರಿಗೆ ಇದರ ಒಳಗನ್ನೂ ಸ್ವಚ್ಛ ಮಾಡಬೇಕು ಅನ್ನಿಸಿತು. ಒಳಗೆ ಹುಬ್ಬಳ್ಳಿ ಕಂಪನಿಯವರ ಹಳೆಯ ಪತ್ರ, ಹಳೆಯ ಲೆಕ್ಕ ಏನೇನೋ ಉಳಿದಿದ್ದವು. ಕಂಡವರ ಎಂಜಲು ತಾಟಿನಲ್ಲಿ ದೇವರಿಗೆ ಎಡೆ ಹಿಡಿಯಬಾರದು ಎಂದು ನನಗೂ ಹೇಳಿದರು. ಮಾತು ಸರಿಯೇ ಇತ್ತು.

ಹೆಸರುಗಳನ್ನು ಪರದೆಯ ಮೇಲೆ ತರಿಸಿ, ಗಟ್ಟಿಯಾಗಿ ಓದಿ, ತಮ್ಮದಲ್ಲದ್ದನ್ನು ಒಂದೊಂದೇ ಅಳಿಸುತ್ತ ಹೋದರು. ಕೆಲವು ಹೆಸರುಗಳ ಕೊನೆಗೆ 'ಕಂ' ಎಂದಿತ್ತು. ಬಾದಾಮಿಯಿಂದ ಬಾಗಲಕೋಟೆಯವರೆಗೆ ಯಾವ ಅಂಗಡಿಯ ಬೋರ್ಡು ನೋಡಿದರೂ ಹೆಸರಿನ ಕೊನೆಗೆ ಕಂ ಎಂದಿದ್ದರೆ ಅದು ಕಂಪನಿ. ಇಂಥವರು ಆಂಡ್ ಕಂ., ಅರಿವೆ ವ್ಯಾಪಾರಿಗಳು. ಹೀಗಾಗಿ ಇವೆಲ್ಲ ಹುಬ್ಬಳ್ಳಿಯವರು ವ್ಯವಹಾರ ಇಟ್ಟುಕೊಂಡಿದ್ದ ಕಂಪನಿಗಳು ಎಂಬುದರಲ್ಲಿ ಅಕ್ಕೋರಿಗೆ ಸಂಶಯವೇ ಬರಲಿಲ್ಲ. ಟ್ರೀ ಕಂಪನಿ, ಅದು ಕಟ್ಟಿಗೆ ಅಡ್ಡೆಯವರದಿರಬೇಕು. ಮೋಡ್ ಕಂಪನಿ. ಮೋರ್ ಕಂಪನಿ. ಹುಬ್ಬಳ್ಳಿಯವರಿಗೆ ಎಷ್ಟು ಕಂಪನಿಗಳ ಬಳಕೆ ಎಂದು ಬೆರಗುಪಡುತ್ತ, ಕೊನೆಗೆ ಕಮಾಂಡ್ ಕಂಪನಿ ಎಂದು ಓದಿ, ಮಿಲಿಟರಿಗೆ ಸಾಮಾನು ಕೊಡುವವರಿರಬೇಕು ಎಂದು ತಾವೇ ತೀರ್ಮಾನಿಸಿ ಅದನ್ನೂ ಅಳಿಸಿದರು.

ಯಂತ್ರ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಎಂದಿನಂತೆ ಮಿಣುಕುತ್ತ ಮುಂದಿನ ಮಾತಿಗೆ ಕಾಯಿತು. ಮೋಸ ಇದ್ದದ್ದು ಅಲ್ಲೇ. ಕಾಲು ಮುರಿದರೆ ಆ ಗಳಿಗೆಗೇ ನೋಯುತ್ತದೆ, ಮುರಿದದ್ದು ಯಾವಾಗ ಎಂದು ಯಾರೂ ಕೇಳಬೇಕಾಗಿಲ್ಲ. ಇದಕ್ಕೆ ನೋವು ಬಂದದ್ದು ಮರುದಿನ. ಆ ಹೊತ್ತಿಗೆ ನಡುವೆ ಮತ್ತೆ ಎಷ್ಟೋ ಸಂಗತಿ ಆಗಿಹೋಗಿದ್ದವು.

ನವಮಿಯ ಬೆಳಿಗ್ಗೆ ಲಗಮವ್ವ ಪೂಜೆ ಮಾಡಿದಳು. ಕುಡಗೋಲು, ಕೊಡಲಿ, ಟೈಪ್‌ರೈಟರು, ನನ್ನ ಪೆನ್ಸಿಲುಗಳು, ಎಲ್ಲಕ್ಕೂ ವಿಭೂತಿ ಕುಂಕುಮ. ಕಂಪ್ಯೂಟರಿಗೆ ಚೆಂಡುಹೂವಿನ ಮಾಲೆ. ಅದರ ಮೇಲೆ ಬೀರಪ್ಪನ ಹೆಸರು ಹೇಳಿ ಒಂದು ಹಿಡಿ ಭಂಡಾರ ತೂರಿದಳು. ಅರಿಷಿಣದ ಪುಡಿ ಹಾರಿ ನಾವೂ ಹಳದಿ, ಯಂತ್ರವೂ ಹಳದಿ. ಇವತ್ತು ಆಯುಧ ಮಲಗುವ ದಿನ, ನಾಳೆಯವರೆಗೆ ಯಾರೂ ಮುಟ್ಟಬಾರದು ಎಂದು ಹೇಳಿ ಒಳಗೆ ಹೋದಳು. ಅಕ್ಕೋರಿಗೆ ತಡೆಯಲಿಲ್ಲ. ಒಂದು ಸಲ ಕಣ್ಣು ಬಿಡಲಿ, ದೇವಿಯೂ ನೋಡಲಿ ಎಂದು ಗುಂಡಿ ಒತ್ತಿದರು.

ಪರದೆಯ ಮೇಲೆ ಹಸಿರು ಅಕ್ಷರದ ಒಂದೇ ಸಾಲು ಬಂತು. ಬ್ಯಾಡ್ ಆರ್ ಮಿಸ್ಸಿಂಗ್ ಕಮಾಂಡ್ ಇಂಟರ್‌ಪ್ರಿಟರ್. ಅಷ್ಟೇ. ಯಾವ ಕೀಲಿ ಒತ್ತಿದರೂ ಕಲ್ಲಿನ ಬಸವಣ್ಣ. ಆರಿಸಿದರು, ಹಚ್ಚಿದರು, ಮತ್ತೆ ಅದೇ ಸಾಲು.

ಆಮೇಲೆ ನಮ್ಮ ಗೊಂದಲ ನೋಡಬೇಕಿತ್ತು. ಭಂಡಾರ ಸಂದಿಯೊಳಗೆ ಹೋಗಿದೆ ಎಂದು ನಾನು ಮಾಲೆ ತೆಗೆದು ಊದಿದೆ, ಊದಿದ್ದು ತಿರುಗಿ ನನ್ನ ಕಣ್ಣಿಗೇ ಬಂತು. ಗದ್ದಲ ಕೇಳಿ ಹೊರಗೆ ಬಂದ ಲಗಮವ್ವ, ಮಲಗಿದ್ದನ್ನು ಎಬ್ಬಿಸಿದರೆ ಅದು ಮುನಿಯದೆ ಏನು ಮಾಡುತ್ತದೆ ಎಂದಳು. ಬಾಜೂಕಿನ ಮನೆಯವರು ಬಂದು, ಮಂಗ ಮಾಳಿಗೆಯ ಮೇಲೆ ವಾಯರು ಜಗ್ಗಿದ್ದನ್ನು ಕಂಡೆವು ಎಂದರು. ಬಾದಾಮಿಯಲ್ಲಿ ಏನು ಕೆಟ್ಟರೂ ಮಂಗನ ತಲೆಗೆ ಕಟ್ಟುವುದು ವಾಡಿಕೆ. ಅಕ್ಕೋರು ವೋಲ್ಟೇಜ್ ಎಂದರು, ಆಮೇಲೆ ಕಾಯಿಯ ನೀರು ಸಿಡಿದಿರಬೇಕು ಎಂದರು. ಕಾರಣ ಒಂದಾಗಿದ್ದರೆ ಹುಡುಕಬಹುದಿತ್ತು. ಹಿಂದಿನ ದಿನ ಅಳಿಸಿದ್ದು ಯಾರ ನೆನಪಿಗೂ ಬರಲಿಲ್ಲ, ಯಾಕೆಂದರೆ ಅಳಿಸಿದ ಮೇಲೂ ಅದು ಚೆನ್ನಾಗಿಯೇ ಇತ್ತಲ್ಲ. ಪೋಸ್ಟ್ ಆಫೀಸಿನ ಹತ್ತಿರದ ಫೋನ್ ಬೂತಿಗೆ ಹೋಗಿ ಹುಬ್ಬಳ್ಳಿಗೆ ಟ್ರಂಕ್ ಕಾಲ್ ಮಾಡಿದೆ. ಹಬ್ಬದ ದಿನ ಆ ಕಡೆ ಫೋನು ಬಡಿದುಕೊಂಡಿತೇ ಹೊರತು ಯಾರೂ ಎತ್ತಲಿಲ್ಲ.

ತಿರುಗಿ ಬಂದು ಡಿಕ್ಷನರಿ ತೆಗೆದೆ. ಇಂಟರ್‌ಪ್ರಿಟರ್ ಎಂದರೆ ದುಭಾಷಿ. ಈಗ ಸಾಲನ್ನು ಕನ್ನಡದಲ್ಲಿ ಜೋಡಿಸಿದೆ: ಕೆಟ್ಟ ಅಥವಾ ಕಾಣೆಯಾದ ಹುಕುಮಿನ ದುಭಾಷಿ. ಶಾರ್ಟ್‌ಹ್ಯಾಂಡಿನಲ್ಲೂ ಬರೆದು ನೋಡಿದೆ, ಅರ್ಥ ಅಲ್ಲಿಯೂ ಸಿಗಲಿಲ್ಲ. ಯಾವ ದುಭಾಷಿ? ಈ ಪೆಟ್ಟಿಗೆಯಲ್ಲಿ ಮನುಷ್ಯ ಯಾವಾಗ ಇದ್ದ? ಇದ್ದವನು ಕೆಟ್ಟಿದ್ದಾನೋ ಕಾಣೆಯಾಗಿದ್ದಾನೋ ಎಂಬುದೂ ಈ ಯಂತ್ರಕ್ಕೆ ಗೊತ್ತಿಲ್ಲವೇ? ನನಗೆ ಸಿಟ್ಟು ಬಂತು. ಹೇಳುವುದಾದರೆ ಒಂದು ಹೇಳಬೇಕು. ಎರಡರಲ್ಲಿ ಒಂದು ಎನ್ನುವುದು ನಮ್ಮ ಕಡೆ ಕಣಿ ಹೇಳುವವರ ಮಾತು.

ಊರಲ್ಲಿ ಇಂಟರ್‌ಪ್ರಿಟರ್ ಎಂದರೆ ಒಬ್ಬನೇ, ಹುಸೇನಪೀರ. ಮೇಣಬಸದಿಗೆ ಬರುವ ವಿದೇಶಿಯರಿಗೆ ಗುಹೆ ತೋರಿಸುವ ಗೈಡು. 'ಗೈಡ್ ಆಂಡ್ ಇಂಟರ್‌ಪ್ರಿಟರ್' ಎಂದು ಮನೆಯ ಮುಂದೆ ಬೋರ್ಡು ಹಾಕಿಕೊಂಡವನು. ಯಂತ್ರ ಅವನನ್ನೇ ಕೇಳುತ್ತಿದೆ ಎಂದು ತಿಳಿಯುವಷ್ಟು ಹುಚ್ಚು ನಮಗೆ ಹಿಡಿದಿರಲಿಲ್ಲ. ಆದರೆ ಯಂತ್ರ ವಿದೇಶದ್ದು, ಅವನು ದಿನಾ ಒಡನಾಡುವ ಜನವೂ ವಿದೇಶದವರು, ಇಂಥ ಮಾತು ಅವರ ಬಾಯಲ್ಲಿ ಕೇಳಿರಲೂಬಹುದು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ನಾನೇ ಹೋಗಿ, ಬಸ್ಸಿನಿಂದ ಇಳಿದ ಯಾತ್ರಿಕರ ನಡುವಿಂದ ಅವನನ್ನು ಎಳೆದುಕೊಂಡು ಬಂದೆ.

ಹುಸೇನಪೀರ ಕೊಡೆ ಮೂಲೆಗಿಟ್ಟು, ಯಂತ್ರಕ್ಕೊಂದು ಸಲಾಮು ಹೊಡೆದು, ಆ ಸಾಲನ್ನು ಇಂಗ್ಲೆಂಡಿನವರ ಥರ ನಾಲಿಗೆ ಹೊರಳಿಸಿ ಓದಿದ. ಓದಿದ್ದು ಭಾಳ ಚೆನ್ನಾಗಿತ್ತು, ತಿಳಿದದ್ದು ಮಾತ್ರ ನಮಗೆ ತಿಳಿದಷ್ಟೇ. ಬ್ಯಾಡ್ ಎನ್ನುವ ಶಬ್ದ ಅವನಿಗೆ ಹಿಡಿಸಲಿಲ್ಲ. ತನ್ನ ಸರ್ವಿಸ್ಸಿನಲ್ಲಿ ಯಾವ ಜರ್ಮನಿಯವನೂ ತನಗೆ ಆ ಮಾತು ಅಂದಿಲ್ಲ ಎಂದು ಹೇಳಿದ. ಅವನಿಗೆ ಅಂದದ್ದಲ್ಲ ಎಂದು ನಾನು ಸಮಾಧಾನ ಮಾಡಿದೆ. ಹಾಗಾದರೆ ಮಿಸ್ಸಿಂಗ್ ಎಂಬುದೇ ಖರೆ ಇರಬೇಕು ಎಂದು ಅವನು ಗಡ್ಡ ತುರಿಸಿಕೊಂಡ. ನಾನು ಸೋತು ಕೂತೆ. ಅಕ್ಕೋರು ಪರದೆಯನ್ನೇ ನೋಡುತ್ತಿದ್ದರು. ಸುಮ್ಮನಿರುವುದು ಗೈಡಿನ ಜಾತಕದಲ್ಲಿಲ್ಲ, ಹುಸೇನಪೀರ ಮಾತು ಮುಂದುವರಿಸಿದ.

"ನಾ ಗುಡ್ಡದಾಗ ಮಿಸ್ಸಿಂಗ್ ಆದ್ನೆಂದ್ರ ಮಂದಿ ಏನ್ ಮಾಡ್ತಾರ ಹೇಳ್ರಿ ಅಕ್ಕೋರ. ಬಸದಿ ಮುಂದ ಹಿಂಗ ಕುಂದರೂದಿಲ್ರಿ. ಸೀದಾ ನಮ್ಮನಿಗಿ ಹೋಗಿ ನಮ್ಮ ತಾಯಿನ್ನ ಕೇಳ್ತಾರ. ಮಗ ಎಲ್ಲಿ ಅದಾನ ಅನ್ನೂದು ತಾಯಿಗಿ ಗೊತ್ತಿರ್ತೈತಿ."

ಅವನು ತನ್ನ ಮನೆಯ ಸಂಗತಿ ಹೇಳಿದ, ಮತ್ತೇನೂ ಅಲ್ಲ. ಅಕ್ಕೋರು ಮಾತ್ರ ತಟ್ಟನೆ ಎದ್ದು ನಿಂತರು. ಯಂತ್ರ ಕೊಡುವಾಗ ಹುಬ್ಬಳ್ಳಿಯವನು ಅದರ ಸಂಗಡ ಕೆಲವು ಕರಿಯ ಫ್ಲಾಪಿಗಳನ್ನು ಕೊಟ್ಟಿದ್ದ. ತೆಳ್ಳಗೆ, ಚೌಕಾಗಿದ್ದ ಅವಕ್ಕೆ ಲಗಮವ್ವ ಗ್ರಾಮಫೋನ್ ತಟ್ಟೆಯ ಹೆಸರನ್ನೇ ಇಟ್ಟು ಪ್ಲೇಟು ಎನ್ನುತ್ತಿದ್ದಳು. ಅವುಗಳಲ್ಲಿ ಒಂದನ್ನು ಬೇರೆ ತೆಗೆದು ಹುಬ್ಬಳ್ಳಿಯವನು, ಇದು ತಾಯಿ ಇದ್ದ ಹಾಗೆ, ಉಳಿದದ್ದೆಲ್ಲ ಇದರಿಂದಲೇ ಹುಟ್ಟಿದ್ದು, ಧೂಳು ಬಿಸಿ ತಗಲದಂತೆ ಜೋಪಾನ ಮಾಡಿ ಎಂದಿದ್ದನಂತೆ. ಯಾವಾಗ ಬೇಕಾಗುತ್ತದೆ ಎಂದು ಅವನು ಹೇಳಲಿಲ್ಲ, ಇವರೂ ಕೇಳಲಿಲ್ಲ. ಮನೆಗೆ ಬಂದ ದಿನವೇ, ಇದು ತಾಯಿ, ಜ್ವಾಕಿ ಇಡ್ರಿ ಎಂದು ಅತ್ತೆಯ ಕೈಗೆ ಕೊಟ್ಟಿದ್ದರು. ಅತ್ತೆಯ ಟ್ರಂಕು ಅಂದರೆ ಬ್ಯಾಂಕು.

ನಾವು ಮೂವರೂ ಒಳಗೆ ಹೋದೆವು. ಟ್ರಂಕು ತೆಗೆಯಿರಿ ಎಂದರೆ ಲಗಮವ್ವನಿಗೆ ಅಚ್ಚರಿ.

"ತಾಯಿ ಅಂತ ನೀನ ಕೊಟ್ಟಿ. ತಾಯಿನ್ನ ಯಾರರೆ ಟ್ರಂಕಿನ್ಯಾಗ ಇಡ್ತಾರೇನ? ತಾಯಿ ಕೂಡ ಇಟ್ಟೇನಿ ನೋಡು."

ದೇವರ ಜಗಲಿಯ ಮೇಲೆ ನವರಾತ್ರಿಯ ಘಟ್ಟ. ಮಣ್ಣಿನಲ್ಲಿ ಕಾಳು ಮೊಳೆತು ಹಳದಿ ಸಸಿ ಎದ್ದಿದ್ದವು, ಮೊದಲ ದಿನದಿಂದ ಆರದ ದೀಪ ಬಾಜೂಕಿಗೆ. ನಡುವೆ ಬನಶಂಕರಿಯ ಫೋಟೋ, ಅದಕ್ಕೆ ಆತು ನಿಂತಿದ್ದಳು ನಮ್ಮ ತಾಯಿ. ಮೈತುಂಬ ಗುಳೇದಗುಡ್ಡದ ಹೊಸ ಕುಪ್ಪಸದ ಖಣ, ಅದರ ಮೇಲೆ ಕುಂಕುಮ, ಮುಂದೆ ಎಲೆ ಅಡಿಕೆ. ಧೂಳು ಬಿಸಿ ಎರಡೂ ತಗಲಬಾರದು ಎಂದು ಹೇಳಿದ ವಸ್ತುವಿಗೆ ದಿನದಿನ ಊದುಬತ್ತಿಯ ಬೂದಿ ಮತ್ತು ಆರದ ದೀಪದ ಮಗ್ಗುಲು. ನನಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ.

ಅಕ್ಕೋರು ಕೈ ಚಾಚಿದರು. ಲಗಮವ್ವ ಅಡ್ಡ ಬಂದಳು. ಘಟ್ಟ ಕದಲಿಸುವುದು ದಶಮಿಯ ದಿನ, ಮನೆಯ ಗಂಡಸು ಕಾಯಿ ಒಡೆದ ಮೇಲೆ. ಅದು ಅವಳ ಅತ್ತೆಯ ಕಾಲದಿಂದ ಬಂದ ಪದ್ಧತಿ. ಈಗ ಮನೆಯ ಗಂಡಸು ಎಂದರೆ ಹಣಮಪ್ಪ. ಹಣಮಪ್ಪ ನಾಳೆ ಬರುವುದೇ ನಾಕು ಮಂದಿಯನ್ನು ಬೆನ್ನಿಗೆ ಕಟ್ಟಿಕೊಂಡು. ಅವನು ಕಾಯಿ ಒಡೆದು, ಆಮೇಲೆ ನಾವು ತಾಯಿಯನ್ನು ಇಳಿಸಿ, ಅದನ್ನು ಏನು ಮಾಡಬೇಕೆಂದೇ ಗೊತ್ತಿಲ್ಲದೆ ಅವರೆಲ್ಲರ ಎದುರು ತಡಕಾಡುವುದು. ಅಷ್ಟರಲ್ಲಿ ಅವನು ಚೀಲ ಎಲ್ಲಿ ಒಟ್ಟಬೇಕೆಂದು ಅಳತೆ ನೋಡಿರುತ್ತಾನೆ.

ಅಕ್ಕೋರು ವಾದ ಮಾಡಲಿಲ್ಲ. ಹೊಸ್ತಿಲ ಮೇಲೆ ಕೂತು ಅತ್ತರು. ಅಮಸಿದ್ದಪ್ಪನ ಮಣ್ಣಾದ ದಿನವೂ ಬಂದವರಿಗೆ ಚಹಾ ಆಯಿತೇ ಎಂದು ವಿಚಾರಿಸಿದ ಹೆಣ್ಣುಮಗಳು ಅವರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಹುಸೇನಪೀರನಿಗೆ ಯಾವ ಭಾಷೆಯಲ್ಲೂ ಮಾತು ಹೊಳೆಯಲಿಲ್ಲ.

ಲಗಮವ್ವ ಸೊಸೆಯ ಎದುರು ಕುಕ್ಕರಗಾಲಿನಲ್ಲಿ ಕೂತು, ಆ ಪ್ಲೇಟಿನಲ್ಲಿ ಅಂಥದ್ದೇನ ಐತಿ ಎಂದು ಕೇಳಿದಳು. ಅಕ್ಕೋರು ಏನಾದರೂ ದೊಡ್ಡ ಮಾತು ಹೇಳಬಹುದಿತ್ತು. ತನಗೆ ಖರೇನೇ ಗೊತ್ತಿಲ್ಲ, ಒಳಗೆ ಏನೂ ಇಲ್ಲದೆಯೂ ಇರಬಹುದು ಎಂದುಬಿಟ್ಟರು. ಮುದುಕಿ ಎದ್ದು ಹೋಗಿ ಕೈಕಾಲು ತೊಳೆದು ಬಂದಳು. ಜಗಲಿಗೆ ಹಣೆ ಹಚ್ಚಿ, ಎರಡೂ ಕೈಯಿಂದ ಆ ಖಣದ ಗಂಟನ್ನು ಎತ್ತಿ ಸೊಸೆಯ ಉಡಿಗೆ ಹಾಕಿದಳು.

"ಮಕ್ಕಳು ಅತ್ತಾಗ ತಾಯಿ ಏಳ್ತಾಳ. ಕಾಯಿ ಒಡ್ಯೂತನಾ ಮಲಗಿರೂದಿಲ್ಲ."

ಖೋಲಿಗೆ ಬಂದು ಬಿಚ್ಚಿ ನೋಡಿದರೆ ಕುಂಕುಮ ಖಣವನ್ನೂ ದಾಟಿ ಒಳಗಿನ ಕಾಗದದ ಚೀಲದವರೆಗೆ ಬಂದಿತ್ತು. ಫ್ಲಾಪಿಯ ಅಂಚಿಗೆ ಒಂದು ಬೊಟ್ಟು. ಅಕ್ಕೋರು ಸೆರಗಿನಿಂದ ಒರೆಸಿ, ಯಂತ್ರದ ಬಾಯಿಗೆ ತೂರಿಸಿ, ಚಿಲಕ ತಿರುವಿ, ಗುಂಡಿ ಒತ್ತಿದರು. ಗರ್ ಗರ್ ಎಂದು ಬೀಸುವ ಸಪ್ಪಳ ಶುರುವಾಯಿತು. ಭಾಳ ಹೊತ್ತು ಬೀಸಿತು. ಬೀಸುತ್ತಿರುವುದು ಜೋಳವೋ ಕಲ್ಲೋ ಯಾರಿಗೆ ಗೊತ್ತು.

ಆಮೇಲೆ ಹಸಿರು ಅಕ್ಷರ ಮೂಡಿದವು. ಈ ಸಲ ಬೇರೆ ಸಾಲು. ಇಂದಿನ ತಾರೀಖು ಸಾವಿರದ ಒಂಬೈನೂರ ಎಂಬತ್ತು ಜನವರಿ ಒಂದು ಎಂದು ತೋರಿಸಿ, ಸರಿ ಇಲ್ಲದಿದ್ದರೆ ಹೊಸದು ಹೇಳಿ ಎಂದಿತು. ನನಗೆ ಮತ್ತೆ ತಲೆ ತಿರುಗಿತು. ಮಲಗಿ ಎದ್ದವರು ಯಾವ ಹೊತ್ತು ಎಂದು ಕೇಳುವುದುಂಟು, ಯಾವ ಇಸವಿ ಎಂದು ಕೇಳಿದ್ದನ್ನು ನಾನು ನೋಡಿರಲಿಲ್ಲ. ಏನು ಕೇಳುತ್ತದೆ ಎಂದು ಲಗಮವ್ವ ಬಾಗಿಲ ಆಚೆಯಿಂದ ವಿಚಾರಿಸಿದಳು. ಎಂಬತ್ತನೇ ಇಸವಿ ಎನ್ನುತ್ತಿದೆ ಎಂದು ಅಕ್ಕೋರು ಹೇಳಿದರು. ಎಂಬತ್ತರಲ್ಲಿ ಅಮಸಿದ್ದ ಇದ್ದ, ಎಂದಳು ಮುದುಕಿ. ಅಕ್ಕೋರ ಬೆರಳು ಅಕ್ಷರಗಳ ಮೇಲೆ ಹಾಗೇ ನಿಂತವು. ಅವನು ಇದ್ದ ಇಸವಿಯನ್ನು ಅಳಿಸಿ ಇಲ್ಲದ ಇಸವಿ ಹೊಡೆಯಬೇಕಲ್ಲ. ಕಡೆಗೆ ಎಂಬತ್ತೆಂಟು ಎಂದು ಹೊಡೆದರು.

ಯಂತ್ರ ಬಾಯಿ ಬಿಟ್ಟಿತು. ಆದರೆ ತಾಯಿ ಒಳಗಿದ್ದಾಗ ಮಾತ್ರ. ಫ್ಲಾಪಿ ತೆಗೆದು ಮತ್ತೆ ಹಚ್ಚಿದರೆ ಕಾಣೆಯಾದ ದುಭಾಷಿಯ ಹಳೆಯ ಗೋಳು. ಪುನಃ ತಾಯಿಯನ್ನು ಕೂರಿಸಿ, ಅವಳ ಹತ್ತಿರ ಏನೇನಿದೆ ಎಂದು ಅಕ್ಕೋರು ಹೆಸರುಗಳನ್ನು ತರಿಸಿ ಓದಿದರು. ಮೊದಲನೆಯ ಹೆಸರಿಗೇ ಅವರ ದನಿ ನಿಂತಿತು. ಕಮಾಂಡ್ ಕಂ. ನಿನ್ನೆ ಅಳಿಸಿದ ಮಿಲಿಟರಿ ಕಂಪನಿ ತಾಯಿಯ ಉಡಿಯಲ್ಲಿ ಕೂತಿತ್ತು.

"ಬಸಯ್ಯ ಮಾಸ್ತರ, ಇದು ಕಂಪನಿ ಅಲ್ರಿ," ಎಂದರು ಅಕ್ಕೋರು ಮೆಲ್ಲಗೆ. "ದುಭಾಷಿ ಅಂದ್ರ ಇದ. ನಾನ ಕೈಯಾರೆ ಹೊರಗ ಹಾಕೇನಿ."

ಒಂದನ್ನು ಇಲ್ಲಿಂದ ಅಲ್ಲಿಗೆ ನಕಲು ಮಾಡುವುದನ್ನು ಹುಬ್ಬಳ್ಳಿಯಲ್ಲಿ ಕಲಿತಿದ್ದರು. ತಾಯಿಯಿಂದ ಯಂತ್ರದ ಹೊಟ್ಟೆಗೆ ನಕಲು ಮಾಡಿ, ಫ್ಲಾಪಿ ತೆಗೆದು, ಆರಿಸಿ ಹಚ್ಚಿದರು. ಮತ್ತೆ ತಾರೀಖು ಕೇಳಿತು, ಆಮೇಲೆ ಸಿ ಎಂಬ ಅಕ್ಷರ, ಅದರ ಮುಂದೊಂದು ಬಾಣದ ಮೊನೆ, ಮಿಣುಕುವ ಗೆರೆ. ನನ್ನ ಕಣ್ಣಲ್ಲಿ ನೀರು ಬಂತು; ಭಂಡಾರದ್ದು ಎಂದು ಹೇಳಿ ಒರೆಸಿಕೊಂಡೆ. ಒಂದು ಹೆಸರು ಹೋದರೆ ಇಷ್ಟು ದೊಡ್ಡ ಯಂತ್ರಕ್ಕೆ ಬಾಯಿ ಕಟ್ಟುವುದು ಯಾಕೆ, ಅದೇ ಹೆಸರು ಮರಳಿದರೆ ಬಾಯಿ ಬಿಡುವುದು ಹೇಗೆ, ನನಗೆ ಇವತ್ತಿಗೂ ಸರಿಯಾಗಿ ತಿಳಿದಿಲ್ಲ. ಅಕ್ಕೋರು ಫ್ಲಾಪಿಯನ್ನು ಖಣದಲ್ಲಿ ಸುತ್ತಿ ಅತ್ತೆಗೆ ಕೊಟ್ಟರು. ಲಗಮವ್ವ ಅದನ್ನು ಘಟ್ಟದಲ್ಲಿ ಮೊದಲಿದ್ದ ಜಾಗದಲ್ಲೇ ನಿಲ್ಲಿಸಿ, ಬೆರಳಿನಿಂದ ಕುಂಕುಮ ಸರಿ ಮಾಡಿದಳು.

ದಶಮಿಯ ಬೆಳಿಗ್ಗೆ ಹಣಮಪ್ಪ ಬಂದ. ಬೆನ್ನಿಗೆ ನಾಕು ಮಂದಿ, ಎಲ್ಲ ಅವನ ಪರವೇ. ಜಗಲಿಯ ಮುಂದೆ ಕಾಯಿ ಒಡೆದು, ಹಿಂದಿನ ದಿನವೇ ಒಮ್ಮೆ ಕದಲಿದ್ದ ಘಟ್ಟವನ್ನು ಪದ್ಧತಿಯಂತೆ ತಾನೇ ಕದಲಿಸಿದ. ಲಗಮವ್ವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಹುಸೇನಪೀರನೂ ಬನ್ನಿ ಹಿಡಿದುಕೊಂಡು ಬಂದಿದ್ದ. ಎಲ್ಲರೂ ಖೋಲಿಗೆ ಬಂದೆವು. ಅಕ್ಕೋರು ಗುಂಡಿ ಒತ್ತಿದರು, ಯಂತ್ರ ಎದ್ದಿತು, ಗೆರೆ ಮಿಣುಕಿತು.

ಹಣಮಪ್ಪ ಬಗ್ಗಿ ನೋಡಿದ. ಮುಂದೇನು ಎಂದ. ಇಷ್ಟೇ, ಈಗ ಏನು ಹೇಳಿದರೂ ಕೇಳುತ್ತದೆ ಎಂದರು ಅಕ್ಕೋರು. ಅವನು ತನ್ನ ಮಂದಿಯ ಕಡೆ ತಿರುಗಿ, ದೀಪ ಮಿಣುಕುವುದನ್ನು ನಡೆಯುವುದು ಎನ್ನುವುದಾದರೆ ತಮ್ಮ ಹೊಲದ ಮಿಂಚುಹುಳವೂ ಕಂಪ್ಯೂಟರೇ ಎಂದ. ಅವರು ನಕ್ಕರು. ಅಷ್ಟೆಲ್ಲ ಮಾಡಿ ಬಂದು ದಡದ ಮೇಲೆ ಮುಳುಗಿದೆವಲ್ಲ ಎಂದುಕೊಂಡೆ ನಾನು.

ಲಗಮವ್ವ ಹೊಸ್ತಿಲ ಆಚೆ ನಿಂತಿದ್ದಳು. ಗಂಡಸರಿರುವಾಗ ಆ ಖೋಲಿಗೆ ಎಂದೂ ಕಾಲಿಟ್ಟವಳಲ್ಲ. ಸೆರಗು ಸರಿ ಮಾಡಿಕೊಂಡು ಒಳಗೆ ಬಂದು ಪರದೆಯ ಮುಂದೆ ನಿಂತಳು.

"ಮಿಣಿಮಿಣಿ ಅಂತೈತೆಲ್ಲ ಪದ್ಮಾ, ಏನ್ ಅಂತೈತಿ ಅದು?"

"ಏನ್ ಮಾಡ್ಲಿ ಹೇಳ್ರಿ ಅಂತೈತ್ರಿ ಅತ್ತಿ. ನಿಮ್ಮ ಹುಕುಂ ಕಾಯಾಕ ಹತ್ತೇತಿ."

ಮುದುಕಿ ಆ ಗೆರೆಯನ್ನು ಬಹಳ ಹೊತ್ತು ನೋಡಿದಳು.

"ಈ ಮನಿಗಿ ಬಂದಾಗಿಂದ ನನಗ ಯಾರೂ ಹಂಗ ಕೇಳಿಲ್ಲ," ಎಂದಳು. "ಹಂಗಾರ ಹೇಳ್ತೇನಿ, ಹೊಡಿ. ಈ ಖೋಲಿ ಪದ್ಮಾನ್ದು. ಗೊಬ್ಬರ ಬ್ಯಾರೆ ಕಡೆ ಇಳಸ್ಕೋಬೇಕು."

ನಗುತ್ತಿದ್ದವರು ನಿಲ್ಲಿಸಿದರು. ಅಕ್ಕೋರು ಆ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆದು ಗುಂಡಿ ಒತ್ತಿದರು. ತಡಮಾಡದೆ ಕೆಳಗೆ ಒಂದು ಸಾಲು ಬಂತು. ಬ್ಯಾಡ್ ಕಮಾಂಡ್ ಆರ್ ಫೈಲ್ ನೇಮ್. ನಾನು ಓದಿದೆ, ಅಕ್ಕೋರು ಓದಿದರು; ಆ ಹುಕುಮೇ ಕೆಟ್ಟದ್ದು ಎನ್ನುತ್ತಿತ್ತು ಯಂತ್ರ. ಹಣಮಪ್ಪನಿಗೆ ಇಂಗ್ಲಿಷ್ ಬಾರದು. ಏನಂತ ಬಂದಿದೆ ಎಂದು ಅವನು ಅಕ್ಕೋರನ್ನು ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ. ನಾವು ಒಂದೇ ಪಕ್ಷದವರು. ಹುಸೇನಪೀರನ ಕಡೆ ತಿರುಗಿದ.

ಹುಸೇನಪೀರ ಮುಂದೆ ಬಂದು ಕನ್ನಡಕ ಏರಿಸಿ, ಆ ಸಾಲನ್ನು ನಿಧಾನವಾಗಿ ಮನಸ್ಸಿನಲ್ಲೇ ಓದಿಕೊಂಡ. ಒಮ್ಮೆ ಲಗಮವ್ವನ ಮುಖ ನೋಡಿದ.

"ಹಿರ್ಯಾರ ಮಾತು, ಹಂಗ ಆಗ್ಲಿ ಅಂತೈತ್ರಿ," ಎಂದ.

ಹಣಮಪ್ಪ ಯಂತ್ರವನ್ನು ನೋಡಲಿಲ್ಲ. ಮೊದಲ ಸಲ ಮಾತು ಅಂತ ಆಡಿದ ತಾಯಿಯನ್ನು ನೋಡಿದ. ಆಮೇಲೆ ಜೇಬಿನಿಂದ ಬನ್ನಿ ತೆಗೆದು ಅವಳ ಕೈಗೆ ಕೊಟ್ಟು ಕಾಲು ಮುಟ್ಟಿದ, ಅತ್ತಿಗೆಗೂ ಕೊಟ್ಟ, ಬಂಗಾರದಂಗ ಇರೂಣು ಎಂದ. ಲಗಮವ್ವ ತನಗೆ ಬಂದದ್ದರಲ್ಲಿ ನಾಕು ಎಲೆ ಮುರಿದು ಯಂತ್ರದ ನೆತ್ತಿಯ ಮೇಲಿಟ್ಟಳು. ಅಕ್ಕೋರು ಆ ಸಾಲನ್ನು ಅಳಿಸಲು ಗಡಿಬಿಡಿಯಿಂದ ಗುಂಡಿಗಳನ್ನು ಹುಡುಕುತ್ತಿದ್ದರು. ಮುದುಕಿ ಅವರ ಕೈ ಹಿಡಿದು, ಇರಲಿ ಬಿಡು, ಚಂದ ಐತಿ ಎಂದಳು.